ದೋಣಿ ಹೊರುವ ಟ್ರೇಲರ್: ಬಿಕರ್ನಕಟ್ಟೆ ಸುತ್ತಮುತ್ತ ರಿಪೇರಿ ಯಾರ ಹತ್ತಿರ ಮಾಡಿಸುವುದು?

ಬಿಕರ್ನಕಟ್ಟೆಯಲ್ಲಿ ನಿಂತು ಮೊಬೈಲ್ ಮ್ಯಾಪಿನಲ್ಲಿ ‘ಬೋಟ್ ಟ್ರೇಲರ್ ರಿಪೇರಿ’ ಅಂತ ಹುಡುಕಿ ನೋಡಿ. ಹಾಗಂತ ಬೋರ್ಡು ಹಾಕಿಕೊಂಡು ಕೂತವರು ಸಿಗುವುದು ಕಷ್ಟ. ಆದರೆ ಕೆಲಸ ಬಲ್ಲವರು ಇಲ್ಲ ಅಂತ ಅಲ್ಲ. ನಮ್ಮಲ್ಲಿ ಈ ಕೆಲಸ ನಾಲ್ಕು ಅಂಗಡಿಗಳಲ್ಲಿ ಹಂಚಿಹೋಗಿದೆ. ಯಾವ ಭಾಗಕ್ಕೆ ಯಾರು ಅಂತ ಗೊತ್ತಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಗೊತ್ತಿಲ್ಲದಿದ್ದರೆ ಇಡೀ ವಾರ ತಿರುಗಾಟ.

ಕೃಷಿಕರಿಗೆ ದೋಣಿಯ ಟ್ರೇಲರ್ ಯಾಕೆ ಅಂತ ಘಟ್ಟದ ಮೇಲಿನ ಓದುಗರು ಕೇಳಬಹುದು. ನೇತ್ರಾವತಿ, ಗುರುಪುರ ನದಿಗಳ ನಡುವೆ ಕುದ್ರುಗಳು ಉಂಟು. ಅಲ್ಲಿಯ ತೆಂಗಿನಕಾಯಿ, ಹುಲ್ಲು, ಗೊಬ್ಬರ ದೋಣಿಯಲ್ಲೇ ದಾಟಬೇಕು. ಅಳಿವೆ ಕಡೆ ಪಂಜರದಲ್ಲಿ ಮೀನು ಸಾಕುವವರಿಗೂ ಸಣ್ಣ ಫೈಬರ್ ದೋಣಿ ಬೇಕು. ಮಳೆಗಾಲದಲ್ಲಿ ಅದನ್ನು ಮನೆಯಂಗಳಕ್ಕೆ ತಂದಿಡಬೇಕು. ಹೆಚ್ಚಿನವರು ಇದಕ್ಕೆಂದೇ ಹೊಸ ಟ್ರೇಲರ್ ಕೊಳ್ಳುವುದಿಲ್ಲ. ಟಿಲ್ಲರ್ ಅಥವಾ ಪಿಕಪ್ಪಿನ ಹಿಂದೆ ಕಟ್ಟುವ ಹಳೆಯ ಟ್ರೇಲರಿಗೇ ಎರಡು ಅಡ್ಡಪಟ್ಟಿ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ದೋಣಿ ಇಲ್ಲದವರಿಗೂ ಇಲ್ಲಿ ಹೇಳುವ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲು ಹಬ್ಬಿನ ವಿಷಯ. ಟ್ರೇಲರ್ ಹಾಳಾಗುವುದು ಭಾರದಿಂದ ಕಡಿಮೆ, ನೀರಿನಿಂದ ಹೆಚ್ಚು. ಹತ್ತು ಕಿಲೋಮೀಟರ್ ಓಡಿ ಬಂದ ಚಕ್ರದ ಹಬ್ಬು ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದೇ ಬಿಸಿಯಲ್ಲಿ ನೇರ ಹೊಳೆಗೆ ಇಳಿಸಿದರೆ ಗಾಳಿ ಕುಗ್ಗಿ, ಹಳೆಯ ಆಯಿಲ್ ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಗ್ರೀಸು ಹಾಲಿನ ಹಾಗೆ ಬಿಳಿಚಿಕೊಳ್ಳುತ್ತದೆ, ಬೇರಿಂಗ್ ರೋಲರಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮುಂದಿನ ಸಲ ಭಾರ ಹೇರಿ ಹೊರಟಾಗ ಬೇರಿಂಗ್ ಕಾದು ಹಿಡಿದುಕೊಂಡರೆ ಚಕ್ರ ಕಳಚಿ ಹೋಗುವುದೂ ಉಂಟು. ವಾಮಂಜೂರು ದಾಟಿ ಗುರುಪುರದ ಕಡೆ ಇಳಿಯುವಾಗ, ಹಿಂದಿನಿಂದ ಬಸ್ಸು ಬರುತ್ತಿರುವಾಗ ಹಾಗಾದರೆ ಏನಾದೀತು ಅಂತ ಯೋಚಿಸಿ. ರಿಪೇರಿ ಖರ್ಚಿನ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ ಮಾರಾಯ್ರೆ.

ಆದ್ದರಿಂದ ಕಡವಿಗೆ ತಲುಪಿದ ಮೇಲೆ ಅರ್ಧ ಗಂಟೆ ಬಿಡಿ. ಹಬ್ಬು ಮುಟ್ಟಿ ನೋಡಿ, ತಣ್ಣಗಾದ ಮೇಲೆ ಇಳಿಸಿ. ಸಾಧ್ಯವಾದರೆ ಹಬ್ಬು ಮುಳುಗದಷ್ಟು ನೀರಿನಲ್ಲೇ ದೋಣಿ ಜಾರಿಸಿ. ಲೈಟಿನ ವಯರಿನ ಪ್ಲಗ್ ತೆಗೆದಿಡಿ. ವಾಪಸು ಬಂದ ದಿನವೇ ಸಿಹಿ ನೀರಿನಲ್ಲಿ ತೊಳೆಯಿರಿ: ಹಬ್ಬು, ಸ್ಪ್ರಿಂಗ್ ಪ್ಲೇಟುಗಳ ಸಂದು, ಚಾನೆಲ್ಲಿನ ಒಳಮೈ. ನಾಳೆ ತೊಳೆದರಾಯ್ತು ಅಂದರೆ ಉಪ್ಪು ಕಾಯುವುದಿಲ್ಲ.

ಉಪ್ಪು ಎಲ್ಲಿವರೆಗೆ ಬರುತ್ತದೆ? ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಭರತದ ಜೊತೆ ಸಮುದ್ರದ ನೀರು ಮೇಲೇರುತ್ತದೆ. ಅದನ್ನು ತಡೆಯಲೆಂದೇ ಹರೇಕಳ-ಅಡ್ಯಾರ್ ಹತ್ತಿರ ಕಿಂಡಿ ಅಣೆಕಟ್ಟು ಕಟ್ಟಿದ್ದು. ಗುರುಪುರ ಹೊಳೆಗೆ ಮಳವೂರಿನಲ್ಲಿ ಕಿಂಡಿ ಅಣೆಕಟ್ಟು ಉಂಟು. ಅಣೆಕಟ್ಟಿನ ಕೆಳಗೆ, ಕೂಳೂರು-ಉಳ್ಳಾಲ ಕಡೆ ಇಳಿಸುವವರು ಪ್ರತಿ ಸಲವೂ ಉಪ್ಪು ನೀರು ಅಂತಲೇ ಲೆಕ್ಕ ಹಾಕಿ. ಮೇಲೆ ಇಳಿಸುವವರಿಗೆ ಸ್ವಲ್ಪ ರಿಯಾಯಿತಿ. ಸಂಶಯ ಇದ್ದರೆ ನಾಲಿಗೆ ತುದಿಗೆ ಒಂದು ಹನಿ ಸಾಕು.

ಇನ್ನು ಯಾರ ಹತ್ತಿರ ಹೋಗುವುದು ಅಂತ.

ಹಬ್ಬು, ಬೇರಿಂಗ್, ಸ್ಪ್ರಿಂಗ್ ಪ್ಲೇಟ್ ಇವೆಲ್ಲ ಲಾರಿ ಕೆಲಸದವರ ಕೈಗೆ ಬಿಟ್ಟದ್ದು. ಕಾರಿನ ಶೋರೂಮಿಗೆ ಹೋಗಬೇಡಿ, ಅವರಿಗೆ ಇದರಲ್ಲಿ ಆಸಕ್ತಿ ಇಲ್ಲ. ಬಿಕರ್ನಕಟ್ಟೆ ಇರುವುದೇ ರಾಷ್ಟ್ರೀಯ ಹೆದ್ದಾರಿ 169ರ ಮೇಲೆ. ಒಂದು ಬದಿಗೆ ನಂತೂರು, ಇನ್ನೊಂದು ಬದಿಗೆ ಕುಲಶೇಖರ. ಪಡೀಲಿಗೆ ಹೋದರೆ ಬೆಂಗಳೂರು ಹೆದ್ದಾರಿ ಸಿಗುತ್ತದೆ. ಲಾರಿ ಓಡಾಡುವ ಇಂಥ ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಮೊದಲು ವಿಚಾರಿಸಿ. ಮ್ಯಾಪಿನಲ್ಲಿ ಹುಡುಕುವಾಗಲೂ ‘ಲಾರಿ ಗ್ಯಾರೇಜ್’, ‘ಲೀಫ್ ಸ್ಪ್ರಿಂಗ್’, ‘ಲೇತ್ ವರ್ಕ್ಸ್’ ಅಂತ ಬೇರೆ ಬೇರೆಯಾಗಿ ಹಾಕಿ. ‘ಬೋಟ್’ ಅನ್ನುವ ಪದ ಬಿಟ್ಟುಬಿಡಿ.

ಫ್ರೇಮ್ ತುಂಡಾಗಿದ್ದರೆ, ಹುಕ್ಕಿನ ಕಡೆ ಬಿರುಕು ಬಿಟ್ಟಿದ್ದರೆ ಅದು ಫ್ಯಾಬ್ರಿಕೇಶನ್‌ನವರ ಕೆಲಸ. ಗೇಟು-ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಮನೆ ಹತ್ತಿರವೇ ಇರಬಹುದು, ಆದರೆ ಹುಕ್ಕಿನ ವೆಲ್ಡಿಂಗನ್ನು ಅಲ್ಲಿ ಮಾಡಿಸಬೇಡಿ ಅನ್ನುವುದು ನನ್ನ ಸಲಹೆ. ಇಡೀ ಟ್ರೇಲರಿನ ಜೀವ ಆ ಒಂದು ಜಾಯಿಂಟಿನಲ್ಲಿ. ಯೆಯ್ಯಾಡಿ ಇಂಡಸ್ಟ್ರಿಯಲ್ ಎಸ್ಟೇಟ್ ಬಿಕರ್ನಕಟ್ಟೆಗೆ ಹತ್ತಿರ, ಬೈಕಂಪಾಡಿ ಸ್ವಲ್ಪ ದೂರ. ಭಾರದ ಕೆಲಸ ಮಾಡುವವರನ್ನು ಅಲ್ಲಿ ಹುಡುಕಿ. ಹಳೆಯ ಬಿರುಕಿನ ಮೇಲೆಯೇ ವೆಲ್ಡಿಂಗ್ ಎಳೆಯಲು ಹೊರಟರೆ ತಡೆಯಿರಿ. ಬಿರುಕನ್ನು ಗ್ರೈಂಡರಿನಲ್ಲಿ ಪೂರ್ತಿ ಬಿಡಿಸಿ, ವೆಲ್ಡ್ ಮಾಡಿ, ಮೇಲಿಂದ ಪ್ಲೇಟ್ ಕೊಡಬೇಕು. ಸತು ಲೇಪದ ಕಬ್ಬಿಣವಾದರೆ ವೆಲ್ಡ್ ಮಾಡುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹತ್ತಿರ ನಿಂತು ವಿಡಿಯೋ ಮಾಡುವ ನಿಮಗೂ.

ಹೊಸದಾಗಿ ಅಡ್ಡಪಟ್ಟಿ ಹಾಕಿಸುವುದಾದರೆ ಚೌಕ ಪೈಪಿಗಿಂತ ತೆರೆದ ಚಾನೆಲ್ ಒಳ್ಳೆಯದು. ಪೈಪಿನೊಳಗೆ ನುಗ್ಗಿದ ಉಪ್ಪು ನೀರು ಅಲ್ಲೇ ಕೂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟು ಹೊಳೆಯುತ್ತಿರುತ್ತದೆ, ಒಳಗೆ ಪೊಳ್ಳು.

ಮರಿನ್ ಗ್ರೀಸ್, ಸ್ಟೀಲ್ ಶ್ಯಾಕಲ್, ಹಗ್ಗ, ದೋಣಿಯ ಅಡಿಗೆ ಕೊಡುವ ರಬ್ಬರು ಇವಕ್ಕೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳು, ಧಕ್ಕೆಯ ಹತ್ತಿರದ ಬೋಟಿನ ಸಾಮಾನು ಮಾರುವವರು. ಟ್ರೇಲರನ್ನು ಅಲ್ಲಿಗೆ ಎಳೆದುಕೊಂಡು ಹೋಗಬೇಡಿ, ಬೆಳಗ್ಗೆ ಮೀನಿನ ಲಾರಿಗಳ ನಡುವೆ ಸಿಕ್ಕಿಬೀಳುತ್ತೀರಿ. ಸ್ಕೂಟರಿನಲ್ಲಿ ಹೋಗಿ ಬನ್ನಿ.

ಈಗ ಮೊಬೈಲಿನ ನಿಜವಾದ ಉಪಯೋಗ. ಬೇರಿಂಗಿನ ಬದಿಯಲ್ಲಿ ನಂಬರು ಕೊರೆದಿರುತ್ತದೆ. ಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆಯಿರಿ. 30206 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: 30 ಮಿ.ಮೀ., ಅದು ಒಳಗಿನ ತೂತಿನ ಅಳತೆ. 30207 ಆದರೆ 35. ಒಂದು ಚಕ್ರದಲ್ಲಿ ಒಳಗೊಂದು ಹೊರಗೊಂದು ಬೇರಿಂಗ್ ಇರುತ್ತದೆ, ಎರಡರ ನಂಬರೂ ಬೇರೆ ಇರಬಹುದು. ಆಯಿಲ್ ಸೀಲಿನ ಮೇಲೂ ಮೂರು ಅಳತೆ ಬರೆದಿರುತ್ತದೆ. ಈ ಫೋಟೋಗಳನ್ನು ಅಂಗಡಿಗೆ ವಾಟ್ಸಾಪ್ ಮಾಡಿ, ಸಾಮಾನು ಇದೆ ಅಂತ ಖಾತ್ರಿಯಾದ ಮೇಲೆಯೇ ಚಕ್ರ ಬಿಚ್ಚಿಸಿ. ಬಿಚ್ಚಿದ ಟ್ರೇಲರ್ ಗ್ಯಾರೇಜಿನ ಮೂಲೆಯಲ್ಲಿ ನಾಲ್ಕು ದಿನ ಕೂತರೆ ನಿಮ್ಮ ಕಾಯಿ ಕೊಯ್ಲು ಅಲ್ಲಿ ಕುದ್ರುವಿನಲ್ಲಿ ಕೂರುತ್ತದೆ.

ಕೆಲಸದವರು ಬಲ್ಲವರೋ ಅಲ್ಲವೋ ಅಂತ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳುವುದು: “ಅಣ್ಣಾ, ಸೀಲ್ ಹೊಸತು ಹಾಕ್ತೀರಾ?” “ಹಳೆಯದು ಸಾಕು” ಅಂದರೆ ಅಲ್ಲಿಂದ ಹೊರಡಿ. ಬೇರಿಂಗಿಗೆ ದುಡ್ಡು ಸುರಿದು ಸೀಲಿನಲ್ಲಿ ಉಳಿಸಿದರೆ ಮುಂದಿನ ಇಳಿತದಲ್ಲೇ ನೀರು ಒಳಗೆ. ನನ್ನ ಗೆಳೆಯರೊಬ್ಬರ ಬಿಲ್ಲಿನಲ್ಲಿ ಎರಡು ಸೀಲಿನ ಹಣ ಇತ್ತು, ಹಬ್ಬಿನಲ್ಲಿ ಹಳೆಯ ಸೀಲುಗಳೇ ಕೂತಿದ್ದವು. ಅದಕ್ಕೇ ಬಿಚ್ಚಿದ ಹಳೆಯ ಸಾಮಾನನ್ನು ಚೀಲದಲ್ಲಿ ಹಾಕಿ ಕೊಡಲು ಮೊದಲೇ ಹೇಳಿ. ಮರ್ಯಾದಸ್ಥ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಅಂತ ಬೇರೆ ಬೇರೆ ಕೇಳಿ.

ಕೆಲಸ ಆದ ಮೇಲೆ ನೀವೇ ನೋಡಿಕೊಳ್ಳಿ. ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕಟಕ ಅಂದರೆ ನಟ್ ಸಡಿಲ. ಕೈಯಲ್ಲಿ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಸರಿಯಿಲ್ಲ. ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಆಮೇಲೆ ಪಿನ್ ತೂತು ಸಿಗುವಷ್ಟು ಹಿಂದೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಿರಬೇಕು. ಹಳೆಯ ಪಿನ್ ನೆಟ್ಟಗೆ ಮಾಡಿ ಮತ್ತೆ ತೂರಿಸುವುದನ್ನು ಒಪ್ಪಬೇಡಿ. ಐದಾರು ಕಿಲೋಮೀಟರ್ ಖಾಲಿ ಓಡಿಸಿ ಎರಡೂ ಹಬ್ಬು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿಂದಲೇ ಗ್ಯಾರೇಜಿಗೆ ಫೋನ್ ಮಾಡಿ. ಸ್ಪ್ರಿಂಗ್ ಪ್ಲೇಟ್ ಬದಲಾಯಿಸಿದ್ದರೆ ಎರಡು ಸಲ ಭಾರ ಹೊತ್ತ ಮೇಲೆ ಯು ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿಸಿ.

ಹಿಂದೆ ಕೆಂಪು ರಿಫ್ಲೆಕ್ಟರ್, ಹುಕ್ಕಿಗೆ ಜೊತೆಯಾಗಿ ಒಂದು ಸರಪಳಿ ಇರಲಿ. ದೋಣಿಯ ತುದಿ ಟ್ರೇಲರಿನಿಂದ ಹೊರಗೆ ಚಾಚಿದ್ದರೆ ಅಲ್ಲಿಯೂ ಕೆಂಪು ಬಟ್ಟೆ. ಟ್ರೇಲರಿನ ನೋಂದಣಿ, ವಿಮೆಯ ಕಾಗದ ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಹಬ್ಬು ಬಿಚ್ಚಿ ಹಳೆಯ ಗ್ರೀಸನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಪೂರ್ತಿ ತೊಳೆದು, ಒಣಗಿಸಿ, ಹೊಸತು ತುಂಬಿಸಿ. ಹಳೆಯದರ ಮೇಲೆಯೇ ಹೊಸ ಗ್ರೀಸ್ ಒತ್ತಿದರೆ ನೀರು ಒಳಗೇ ಉಳಿಯುತ್ತದೆ. ತೊಳೆದ ಎಣ್ಣೆಯನ್ನು ತೋಟದ ಬುಡಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿನ ಹಳೆ ಆಯಿಲಿನ ಡ್ರಮ್ಮಿಗೆ ಕೊಡಿ. ಆಮೇಲೆ ಅಚ್ಚಿನ ಅಡಿಗೆ ಕಲ್ಲು ಕೊಟ್ಟು ಚಕ್ರ ನೆಲಕ್ಕೆ ತಾಗದ ಹಾಗೆ ನಿಲ್ಲಿಸಿ, ಟಯರಿಗೆ ಹಳೆಯ ಗೋಣಿ ಮುಚ್ಚಿ. ದೋಣಿಯನ್ನು ಅದರ ಮೇಲೆಯೇ ಇಡುವುದಾದರೆ ಕವುಚಿ ಹಾಕಿ, ಇಲ್ಲದಿದ್ದರೆ ಆಟಿಯ ಮಳೆಗೆ ದೋಣಿ ತುಂಬಿ ಆ ಭಾರವೆಲ್ಲ ಸ್ಪ್ರಿಂಗಿನ ಮೇಲೆ ಬೀಳುತ್ತದೆ.