ಗರ್ಭಕೋಶದ ಹಳೆಯ ಗಾಯದ ಪರೀಕ್ಷೆ

ಉದರವನ್ನೂ ಗರ್ಭಕೋಶವನ್ನೂ ಕೊಯ್ದು ಶಿಶುವನ್ನು ಹೊರತೆಗೆಯುವ ಶಸ್ತ್ರಕ್ರಿಯೆಗೆ ಸಿಸೇರಿಯನ್ ಎಂದು ಹೆಸರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಈ ವಿಧವಾದುವು. 2015-16ರಲ್ಲಿ ಈ ಸಂಖ್ಯೆಯು 24ರ ಹತ್ತಿರವಿದ್ದಿತು. ಆದುದರಿಂದ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಪ್ರಸೂತಿ ವೈದ್ಯರು ಹಲವು ಬಾರಿ ಎದುರಿಸಬೇಕಾದ ಪ್ರಶ್ನೆಯೊಂದುಂಟು: ಗರ್ಭಕೋಶದ ಹಳೆಯ ಗಾಯವು ಮರುಹೆರಿಗೆಯ ನೋವನ್ನು ತಾಳಬಲ್ಲುದೆ? ತಾಳದೆ ಬಿರಿದರೆ ತಾಯಿಗೂ ಶಿಶುವಿಗೂ ಪ್ರಾಣಾಪಾಯವು.

ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಅದೇ ಗತಿಯೆಂದು 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಬರೆದರು. ಆಗ ಗರ್ಭಕೋಶದ ದಪ್ಪನಾದ ಮೇಲುಭಾಗವನ್ನು ಉದ್ದುದ್ದವಾಗಿ ಕೊಯ್ಯುವುದೇ ವಾಡಿಕೆಯಾಗಿದ್ದಿತು. ನೋವಿನಲ್ಲಿ ಬಲವಾಗಿ ಸಂಕೋಚಿಸುವ ಭಾಗವೂ ಅದೇ. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಅವರು ತೆಳುವಾದ ಕೆಳಭಾಗವನ್ನು ಅಡ್ಡಲಾಗಿ ಕೊಯ್ಯುವ ಕ್ರಮವನ್ನು ಪ್ರಚಾರಕ್ಕೆ ತಂದರು. ಇಂಥ ಗಾಯವು ಸಹಜಹೆರಿಗೆಯ ಪ್ರಯತ್ನದಲ್ಲಿ ಬಿರಿಯುವುದು ಸಾವಿರಕ್ಕೆ ಸುಮಾರು ಐವರಲ್ಲಿ ಮಾತ್ರ. ಮೇಲುಭಾಗದ ಗಾಯಕ್ಕೆ ಅಪಾಯವು ಇದರ ಹಲವು ಮಡಿ.

ಆದರೆ ಒಳಗಿನ ಕೊಯ್ತವು ಯಾವ ಬಗೆಯದೆಂಬುದನ್ನು ಚರ್ಮದ ಮೇಲಣ ಕಲೆಯು ತಿಳಿಸದು. ಹೊರಗಟ್ಟನ್ನು ಕಂಡು ಗ್ರಂಥದ ಪಾಠವನ್ನು ನಿರ್ಣಯಿಸಲಾಗದಷ್ಟೆ. ಅದನ್ನು ಹೇಳತಕ್ಕದ್ದು ಶಸ್ತ್ರಕ್ರಿಯೆಯ ದಾಖಲೆಯೇ. ಚೊಚ್ಚಲ ಹೆರಿಗೆಯು ತವರಿನಲ್ಲಾಗುವುದು ನಮ್ಮ ಸಂಪ್ರದಾಯವಾದುದರಿಂದ, ಆ ಕಾಗದವು ಅನೇಕ ವೇಳೆ ತವರೂರಿನಲ್ಲಿಯೇ ಉಳಿದುಹೋಗುವುದು. ಹಿಂದಿನ ಹೆರಿಗೆಗೂ ಈಗಿನದಕ್ಕೂ ನಡುವೆ 18 ತಿಂಗಳಿಗಿಂತ ಕಡಮೆ ಅಂತರವಿದ್ದರೆ ಅಪಾಯವು ಹೆಚ್ಚು. ಮುನ್ನ ಸಹಜಹೆರಿಗೆಯೊಂದಾಗಿದ್ದರೆ ಕಡಮೆ.

ಗರ್ಭದ ಕಡೆಯ ವಾರಗಳಲ್ಲಿ ಅಲ್ಟ್ರಾಸೌಂಡ್ ಯಂತ್ರದಿಂದ, ಮೂತ್ರಕೋಶದ ಹಿಂದಿರುವ ಗರ್ಭಕೋಶದ ಕೆಳಭಾಗದ ದಪ್ಪವನ್ನು ಅಳೆಯಬಹುದು. ಫ್ರಾನ್ಸಿನ ರೋಜನ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ದಪ್ಪವು 3.5 ಮಿಲಿಮೀಟರನ್ನು ಮೀರಿದವರಲ್ಲಿ ಗಾಯವು ಬಿರಿಯುವುದು ಅತಿ ವಿರಳವೆಂದು ಕಂಡುಬಂದಿತು. ಆದರೆ ತೆಳುವಾಗಿದ್ದವರಲ್ಲಿಯೂ ಬಹುಮಂದಿಗೆ ಕೇಡಾಗಲಿಲ್ಲ. ಎಂದರೆ, ಈ ಅಳತೆಯು ಧೈರ್ಯ ಹೇಳುವಷ್ಟು ಖಚಿತವಾಗಿ ಅಪಾಯವನ್ನು ಹೇಳಲಾರದು. ಸರ್ವಸಮ್ಮತವಾದ ಮಿತಿಯೊಂದು ಇಂದಿಗೂ ನಿರ್ಣಯವಾಗಿಲ್ಲ. ಹೊಟ್ಟೆಯನ್ನು ಒತ್ತಿ ಗಾಯದ ನೋವನ್ನು ಕೇಳುವುದಂತೂ ನಂಬತಕ್ಕ ಪರೀಕ್ಷೆಯಲ್ಲ. ಮಾಸು ಹಳೆಯ ಗಾಯದ ಮೇಲೆ ಬೇರೂರಿದೆಯೇ ಎಂಬುದನ್ನು ಮಾತ್ರ ಇದೇ ಯಂತ್ರದಿಂದ ತಪ್ಪದೆ ನೋಡಬೇಕು; ಬೇರೂರಿದ್ದರೆ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಬಹುದು.

ಹೀಗೆ, ಗಾಯದ ಬಲಕ್ಕೆ ಪ್ರಮಾಣಪತ್ರವನ್ನು ಕೊಡಬಲ್ಲ ಪರೀಕ್ಷೆಯೊಂದೂ ಇಲ್ಲವಾದುದರಿಂದ, ಹೆರಿಗೆಯ ಕಾಲದ ಎಚ್ಚರವೇ ಮುಖ್ಯವು. ಶಿಶುವಿನ ಹೃದಯಬಡಿತದ ಏರುಪೇರು ಬಹುಮಟ್ಟಿಗೆ ಮೊದಲ ಸೂಚನೆ; ಬಿಟ್ಟುಬಿಟ್ಟು ಬರಬೇಕಾದ ನೋವು ಬಿಡದೆ ನಿಲ್ಲುವುದೂ ರಕ್ತಸ್ರಾವವೂ ಇತರ ಲಕ್ಷಣಗಳು. ಆಗ ಶಸ್ತ್ರವೈದ್ಯರೂ ಅರಿವಳಿಕೆಯವರೂ ರಕ್ತವೂ ಕೂಡಲೆ ದೊರೆಯಬೇಕು. ನೋವು ಹತ್ತಿದ ಮೇಲೆ ಹೆಬ್ಬಾಳದ ವಾಹನಸಂದಣಿಯಲ್ಲಿ ಆಸ್ಪತ್ರೆಯನ್ನು ಹುಡುಕುವುದಕ್ಕಿಂತ, ಇಂಥ ಸೌಕರ್ಯವಿರುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಂಡು, ತವರಿನ ಆಸ್ಪತ್ರೆಯ ಕಾಗದವನ್ನು ತಾಯಿ ಕಾರ್ಡಿನೊಡನೆ ಇಟ್ಟುಕೊಳ್ಳುವುದು ಲೇಸು.