ಕರುಳಿನ ಕ್ಯಾನ್ಸರ್ ಮತ್ತು ಜೀವಕೋಶದ ಕಾಲಿಂಗ್ ಬೆಲ್

ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, "ಮೂಲವ್ಯಾಧಿ ಇರಬೇಕು, ಸ್ವಲ್ಪ ಖಾರ ಕಮ್ಮಿ ಮಾಡಿ." ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಅದೇ ಮಾತಿನ ಮರೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಬೆಳೆಯುತ್ತಿರಬಹುದು. ಈ ರೋಗ ಹೇಗೆ ಶುರುವಾಗುತ್ತದೆ ಎಂದು ತಿಳಿದರೆ ಯಾವಾಗ ಎಚ್ಚರವಾಗಬೇಕು, ಡಾಕ್ಟರ ಹತ್ತಿರ ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಕರುಳಿನ ಒಳಪದರದ ಜೀವಕೋಶಗಳಿಗೆ ಆಯಸ್ಸು ಕಡಿಮೆ. ನಾಲ್ಕೈದು ದಿನಗಳಲ್ಲಿ ಹಳೆಯವು ಉದುರಿ ಹೊಸವು ಬರುತ್ತವೆ. ಹಾಗಾದರೆ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂದು ಅವಕ್ಕೆ ಹೇಳುವವರು ಯಾರು? ಪಕ್ಕದ ಕೋಶಗಳು ಕಳಿಸುವ ರಾಸಾಯನಿಕ ಸಂದೇಶಗಳು. ಅವನ್ನು ಹಿಡಿಯುವ ಪ್ರೋಟೀನುಗಳೇ ರಿಸೆಪ್ಟರ್‌ಗಳು. ಪಠ್ಯಪುಸ್ತಕದಲ್ಲಿ ಇದನ್ನು 'ಗ್ರಾಹಕ' ಎನ್ನುತ್ತಾರೆ. ಅಂಗಡಿಗೆ ಬರುವ ಗ್ರಾಹಕ ಅಲ್ಲ! ನಿಮ್ಮ ಮನೆಯ ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಗುಂಡಿ ಬಾಗಿಲ ಹೊರಗೆ, ಸದ್ದು ಮನೆಯೊಳಗೆ. ರಿಸೆಪ್ಟರ್ ಕೂಡ ಹಾಗೆಯೇ, ಕೋಶದ ಪೊರೆಯಲ್ಲಿ ನಾಟಿಕೊಂಡು ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ.

ಕರುಳಿನಲ್ಲಿ ಇಂಥ ಮೂರು ಬೆಲ್ ಮುಖ್ಯ.

ಮೊದಲನೆಯದು 'ಫ್ರಿಝಲ್ಡ್'. 'ವಿಂಟ್' ಎಂಬ ಸಂದೇಶ ಬಂದು ಇದನ್ನು ಒತ್ತಿದಾಗ ಆಕರ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ವಿಭಜನೆಯಾಗುತ್ತವೆ. ಒತ್ತದಿದ್ದಾಗ ಸದ್ದನ್ನು ಅಡಗಿಸಿಡುವುದು ಒಳಗಿನ ಎಪಿಸಿ ಎಂಬ ಪ್ರೋಟೀನಿನ ಕೆಲಸ. ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲಿನಲ್ಲಿ ಈ ಎಪಿಸಿ ಜೀನ್ ಕೆಟ್ಟಿರುತ್ತದೆ. ಆಗ ಯಾರೂ ಒತ್ತದಿದ್ದರೂ ಬೆಲ್ ಬಡಿಯುತ್ತಲೇ ಇರುತ್ತದೆ. ಕರುಳಿನ ಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಏಳುವುದು ಸಾಮಾನ್ಯವಾಗಿ ಹೀಗೆ.

ಎರಡನೆಯದು 'ಇಜಿಎಫ್‌ಆರ್'. ಇದೂ 'ಬೆಳೆ' ಎನ್ನುವ ಬೆಲ್. ಇದನ್ನು ಒತ್ತುವ ಬೆಳವಣಿಗೆಯ ಅಂಶವನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೊಹೆನ್ 1986ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇದರ ಸುದ್ದಿಯನ್ನು ಒಳಕ್ಕೆ ಒಯ್ಯುವ ತಂತಿಯೇ 'ರಾಸ್' ಪ್ರೋಟೀನ್.

ಮೂರನೆಯದು 'ಟಿಜಿಎಫ್ ಬೀಟಾ' ರಿಸೆಪ್ಟರ್. ಇದು 'ಸಾಕು, ನಿಲ್ಲು' ಎನ್ನುವ ಬೆಲ್. ಇದರ ಜೀನಿನಲ್ಲಿ ಒಂದು ಕಡೆ 'ಎ' ಅಕ್ಷರ ಸಾಲಾಗಿ ಹತ್ತು ಸಲ ಬರುತ್ತದೆ. ಡಿಎನ್‌ಎ ನಕಲು ಮಾಡುವಾಗ ಇಲ್ಲಿ ತಪ್ಪಾಗುವುದು ಸುಲಭ. ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟವರಲ್ಲಿ, ಉದಾಹರಣೆಗೆ ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್‌ನ ಗಡ್ಡೆಗಳಲ್ಲಿ, ಈ ಬೆಲ್ ಸತ್ತುಹೋಗುತ್ತದೆ. ನಿಲ್ಲು ಎಂದರೂ ಕೋಶಕ್ಕೆ ಕೇಳಿಸುವುದಿಲ್ಲ.

ಇದನ್ನೆಲ್ಲ ನಾವು ಯಾಕೆ ತಿಳಿಯಬೇಕು ಅಂತೀರಾ? ದುಡ್ಡಿಗೂ ಜೀವಕ್ಕೂ ಸಂಬಂಧಪಟ್ಟ ಮಾತು ಇಲ್ಲಿದೆ. ಬೇರೆ ಅಂಗಗಳಿಗೆ ಹರಡಿದ ಕರುಳಿನ ಕ್ಯಾನ್ಸರ್‌ಗೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಇದೆ. ಅದು ಇಜಿಎಫ್‌ಆರ್ ಗುಂಡಿಯನ್ನು ಮುಚ್ಚಿಬಿಡುತ್ತದೆ. ಆದರೆ ನೂರರಲ್ಲಿ ಸುಮಾರು 40 ರೋಗಿಗಳಲ್ಲಿ ಒಳಗಿನ ರಾಸ್ ತಂತಿಯೇ ಶಾರ್ಟ್ ಆಗಿರುತ್ತದೆ. ಆಗ ಹೊರಗಿನ ಗುಂಡಿ ಮುಚ್ಚಿ ಏನು ಪ್ರಯೋಜನ? 2008ರ ಹೊತ್ತಿಗೆ ಇದು ಸ್ಪಷ್ಟವಾಯಿತು. ಹಾಗಾಗಿ ಈಗ ಈ ಔಷಧಿಗೆ ಮೊದಲು ಗಡ್ಡೆಯ ತುಣುಕಿನಲ್ಲಿ ರಾಸ್ ಪರೀಕ್ಷೆ ಮಾಡಿಸಲೇಬೇಕು. ಸಾಲ ಮಾಡಿ, ಒಡವೆ ಅಡವಿಟ್ಟು ಇಂಜೆಕ್ಷನ್ ತರುವ ಮೊದಲು "ರಾಸ್ ಟೆಸ್ಟ್ ಆಗಿದೆಯಾ ಡಾಕ್ಟ್ರೇ? ರಿಪೋರ್ಟ್ ಏನು ಹೇಳುತ್ತೆ?" ಎಂದು ಕೇಳಿ. ಕೇಳುವುದು ಅಹಂಕಾರವಲ್ಲ, ಅದು ನಿಮ್ಮ ಹಕ್ಕು.

ಇನ್ನೊಂದು ಸಮಾಧಾನದ ಸಂಗತಿ. ಈ ಬೆಲ್‌ಗಳು ಒಂದೇ ದಿನ ಕೆಡುವುದಿಲ್ಲ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟರಲ್ಲಿ ಕೊಲೊನೋಸ್ಕೋಪಿಯಲ್ಲಿ ಸಿಕ್ಕರೆ ಅದನ್ನು ಅಲ್ಲೇ ಕತ್ತರಿಸಿ ತೆಗೆಯಬಹುದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ಇಳಿಯುವ ತೂಕ, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ, ಇವುಗಳಲ್ಲಿ ಯಾವುದು ಕಂಡರೂ ನಾಚಿಕೆ ಬಿಟ್ಟು ತೋರಿಸಿ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ ಲಕ್ಷಣ ಕಾಣುವವರೆಗೂ ಕಾಯಬೇಡಿ, ಈಗಲೇ ಡಾಕ್ಟರಿಗೆ ಹೇಳಿ.