ಏರ್ ಹಿಡಿದ ವ್ಯಾನು

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವಾಗ ಹಳೇ ವ್ಯಾನು ತಕರಾರು ಮಾಡುವುದಿಲ್ಲ. ಪರೀಕ್ಷೆ ಇರುವುದು ವಾಪಸು ಹತ್ತುವಾಗ. ಹೀಟ್ ಮುಳ್ಳು ಮೇಲೇರುತ್ತದೆ; ನಿಲ್ಲಿಸಿ, ಆರಿಸಿ, ಕ್ಯಾನಿನ ನೀರು ಸುರಿದು ಹೊರಟರೆ ಜಾಂಬೋಟಿ ಮುಟ್ಟುವಷ್ಟರಲ್ಲಿ ಮತ್ತೆ ಅದೇ ಕತೆ. ಗ್ಯಾರೇಜಿನವರ ತೀರ್ಪು ಎರಡೇ ಪದ: ‘ಏರ್ ಹಿಡದೈತ್ರಿ.’

ಮಾರುತಿ ಓಮ್ನಿಯನ್ನೇ ನೋಡಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಆಮೇಲೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಂತ ಗಾಡಿ. ಅದರ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ರೇಡಿಯೇಟರ್ ಇರುವುದು ಮೂತಿಯಲ್ಲಿ. ನಡುವೆ ಹೋಸ್ ಪೈಪುಗಳ ಓಡಾಟ. ನೀರು ಖಾಲಿ ಮಾಡಿ ತುಂಬಿದಾಗ ಎತ್ತರದ ತಿರುವುಗಳಲ್ಲಿ ಗಾಳಿ ಉಳಿದುಬಿಡುತ್ತದೆ.

ಮಲಪ್ರಭೆ ದಂಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫುಟ್‌ವಾಲ್ವ್ ಸೋರಿ ಪಂಪಿಗೆ ಗಾಳಿ ಸೇರಿದರೆ ಮೋಟಾರು ಎಷ್ಟು ತಿರುಗಿದರೂ ನೀರು ಏರದು. ಮೊದಲು ಪಂಪಿಗೆ ನೀರು ತುಂಬಿಸಬೇಕು. ವ್ಯಾನಿನ ವಾಟರ್ ಪಂಪೂ ಅದೇ ಜಾತಿಯದು. ಇನ್ನೊಂದು ಮೋಸವಿದೆ: ಹೀಟ್ ಮುಳ್ಳಿನ ಸೆನ್ಸರ್ ಗಾಳಿಯ ಗುಳ್ಳೆಯೊಳಗೆ ಸಿಕ್ಕಿಕೊಂಡರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಮಲಗಿರಬಹುದು. ಮುಳ್ಳನ್ನೇ ನಂಬಿ ಓಡಿಸಿದವರು ಸಿಲಿಂಡರ್ ಹೆಡ್ ಕೆಡಿಸಿಕೊಳ್ಳುತ್ತಾರೆ.

ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಮುಟ್ಟಲೇಬಾರದು. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳದಡಿಯಲ್ಲಾದರೆ 115 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಒಂದಷ್ಟು ನೀರು ತಟ್ಟನೆ ಆವಿಯಾಗಿ, ಕುದಿನೀರನ್ನೂ ಹೊತ್ತು ಮುಖಕ್ಕೇ ಚಿಮ್ಮುತ್ತದೆ.

ಗಾಳಿ ತೆಗೆಯಲು ಬೇಕಾದದ್ದು ಹತಾರಕ್ಕಿಂತ ಹೆಚ್ಚಾಗಿ ಪುರಸೊತ್ತು. ಎಂಜಿನ್ ಪೂರ್ತಿ ಆರಿದ ಮೇಲೆ ಗಾಡಿಯ ಮೂತಿ ಏರಿನತ್ತ ಇರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಆಗ ನೀರು ಸುರಿಯುವ ಬಾಯಿಯೇ ಎತ್ತರಕ್ಕೆ ಬರುತ್ತದೆ. ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಬೇಕು. ಅದರ ಕೊಳವೆಯೂ ಗಾಳಿ ಬಚ್ಚಿಟ್ಟುಕೊಳ್ಳುವ ಜಾಗ. ಕೂಲಂಟನ್ನು ಸಣ್ಣ ಧಾರೆಯಲ್ಲಿ ಸುರಿಯುತ್ತ ಮೇಲಿನ ಹೋಸನ್ನು ಹಿಚುಕಿದರೆ ಗುಳುಗುಳು ಸದ್ದಿನೊಂದಿಗೆ ಗುಳ್ಳೆಗಳು ಏಳುತ್ತವೆ. ಮುಚ್ಚಳ ಹಾಕದೆ ಎಂಜಿನ್ ಶುರು ಮಾಡಿ ಐಡಲಿನಲ್ಲಿ ಬಿಡಬೇಕು. 82 ಡಿಗ್ರಿಯ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ಆ ಹೋಸು ಒಮ್ಮೆಲೇ ಬಿಸಿಯಾಗುತ್ತದೆ, ರೇಡಿಯೇಟರಿನ ಮಟ್ಟ ಸರಕ್ಕನೆ ಇಳಿಯುತ್ತದೆ. ಬಹಳ ಜನ ಇಲ್ಲಿಗೆ ಮೊದಲೇ ಮುಚ್ಚಳ ಬಿಗಿದು ಹೊರಟುಬಿಡುತ್ತಾರೆ. ಗಾಳಿಯೂ ಅವರ ಜೊತೆ ಹೊರಡುತ್ತದೆ. ಗುಳ್ಳೆ ನಿಲ್ಲುವವರೆಗೂ ತುಂಬಿಸಿ, ಮುಚ್ಚಿ, ಊರೊಳಗೆ ಒಂದು ಸುತ್ತು ಹಾಕಿ, ಮರುದಿನ ತಣ್ಣಗಿರುವಾಗ ಮಟ್ಟ ನೋಡಬೇಕು.

ಇಷ್ಟಾದರೂ ಗುಳ್ಳೆ ನಿಲ್ಲದಿದ್ದರೆ ಅದು ಹೊರಗಿನಿಂದ ಸೇರಿದ ಗಾಳಿಯಲ್ಲ. ಹೆಡ್ ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಆಗ ಹೆಡ್ ಬಿಚ್ಚಿ, ಸೊಟ್ಟಗಾಗಿದ್ದರೆ ಬೆಳಗಾವಿಯ ಉದ್ಯಮಬಾಗದ ಯಾವುದಾದರೂ ಮಷಿನ್ ಶಾಪಿಗೆ ಒಯ್ದು ತಳ ಸಮ ಮಾಡಿಸಿಕೊಂಡು ಬರಬೇಕು. ಮತ್ತೆ ಜೋಡಿಸಿದ ಮೇಲೆ ಗಾಳಿ ತೆಗೆಯುವ ಕೆಲಸ ಮೊದಲಿನಿಂದ.